ಹಳೇ ಕಾರಿನ ಹೀಟರ್ ಬಿಸಿಯಾಗುತ್ತಿಲ್ಲವೇ? ಪತ್ತೆ ಹಚ್ಚುವುದರಿಂದ ತೊಳೆಯುವವರೆಗೆ

ಜುಲೈ ತಿಂಗಳ ಸಂಜೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೀರಿ. ಹೊರಗೆ ಮಳೆ, ಮಂಜು. ಒಳಗೆ ನಾಲ್ಕು ಜನ, ಒದ್ದೆ ಕೊಡೆ, ಒದ್ದೆ ಚಪ್ಪಲಿ. ಮುಂದಿನ ಗಾಜಿನ ಒಳಮೈಗೆ ಹಬೆ ಕೂತು ರಸ್ತೆಯೇ ಕಾಣುತ್ತಿಲ್ಲ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ. ಮಲೆನಾಡಿನಲ್ಲಿ ಕಾರಿನ ಹೀಟರ್ ಬೇಕೇ ಬೇಕು ಅನ್ನಿಸುವುದು ಇಂಥ ಹೊತ್ತಿನಲ್ಲಿ. ಮೈ ಬೆಚ್ಚಗೆ ಮಾಡುವುದಕ್ಕಿಂತ ಗಾಜು ಒಣಗಿಸುವುದೇ ಅದರ ದೊಡ್ಡ ಕೆಲಸ.

ನನ್ನದು 1997ರ ಮಾರುತಿ 800. ಈ ಕಾರಿನ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಅಂದರೆ ಅತಿ ಹೊಸ 800 ಕೂಡ ಹತ್ತು ವರ್ಷ ದಾಟಿದೆ. ಅದರ ಹೀಟರ್ ಸರಿಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಓಮ್ನಿ, ಜೆನ್, ಜಿಪ್ಸಿ, ಬೊಲೆರೊ ಯಾವುದೇ ಇರಲಿ, ನೀರಿನಿಂದ ತಣಿಯುವ ಎಂಜಿನ್ ಆದರೆ ತತ್ವ ಒಂದೇ. ನಟ್ಟು, ಕ್ಲಿಪ್ಪುಗಳ ಜಾಗ ಮಾತ್ರ ಬೇರೆ.

ಹೀಟರ್‌ಗೆ ಬಿಸಿ ಎಲ್ಲಿಂದ ಬರುತ್ತದೆ

ಇದರಲ್ಲಿ ಗೀಸರ್‌ನಲ್ಲಿರುವಂಥ ಕಾಯಿಲ್ ಇಲ್ಲ, ಕರೆಂಟಿನಿಂದ ಬಿಸಿಯಾಗುವುದೂ ಇಲ್ಲ. ಎಂಜಿನ್ ತಣಿಸಿ ಬಂದ ಬಿಸಿ ಕೂಲೆಂಟಿನ ಒಂದು ಪಾಲು ಎರಡು ಸಣ್ಣ ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್‌ಗೆ ಹೋಗಿ ಬರುತ್ತದೆ. ಈ ಪುಟ್ಟ ರೇಡಿಯೇಟರ್ ಹೆಸರು ಹೀಟರ್ ಕೋರ್. ಬ್ಲೋವರ್ ಫ್ಯಾನ್ ಅದರ ಮೇಲೆ ಗಾಳಿ ಊದುತ್ತದೆ, ಆ ಗಾಳಿ ಬಿಸಿಯಾಗಿ ಗಾಜಿಗೋ ಕಾಲಿಗೋ ಬರುತ್ತದೆ. ಎಂಜಿನ್ ಹೇಗೂ ಹೊರಗೆ ಚೆಲ್ಲುವ ಬಿಸಿ ಇದು. ಬ್ಲೋವರ್ ತಿನ್ನುವ ಸ್ವಲ್ಪ ಕರೆಂಟ್ ಬಿಟ್ಟರೆ ಖರ್ಚಿಲ್ಲ. ಹೀಟರ್ ಹಾಕಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಎಂದು ಹೆದರಬೇಕಾಗಿಲ್ಲ.

ಹಾಗಾಗಿ ಹೀಟರ್ ತಣ್ಣಗಿದ್ದರೆ ಸುಮ್ನೆ ಹೀಟರನ್ನು ಬೈದು ಪ್ರಯೋಜನವಿಲ್ಲ. ಹತ್ತರಲ್ಲಿ ಎಂಟು ಸಲ ಎಡವಟ್ಟು ಇರುವುದು ಕೂಲೆಂಟಿನಲ್ಲಿ ಅಥವಾ ಥರ್ಮೋಸ್ಟಾಟಿನಲ್ಲಿ (ಎಂಜಿನ್ ತಣ್ಣಗಿರುವಾಗ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್). ಇದು ಲೆಕ್ಕ ಇಟ್ಟು ಹೇಳಿದ ಮಾತಲ್ಲ, ನನ್ನ ಅನುಭವ.

ಕೈ ಹಾಕುವ ಮೊದಲು

ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಒಳಗೆ ಒತ್ತಡ ಇರುತ್ತದೆ. ಮುಚ್ಚಳ ಸಡಿಲವಾದ ಕ್ಷಣದಲ್ಲೇ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಬಿಚ್ಚುವುದೇ ಒಳ್ಳೆಯದು.

ಕೂಲೆಂಟಿನಲ್ಲಿ ಇರುವುದು ಬಹುತೇಕ ಎಥಿಲೀನ್ ಗ್ಲೈಕಾಲ್. ಅದು ವಿಷ, ಆದರೆ ರುಚಿ ಸಿಹಿ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗುತ್ತದೆ. ಹಳೆಯದನ್ನು ಅಗಲ ಬಾಯಿಯ ಟಬ್ಬಿನಲ್ಲಿ ಹಿಡಿದು, ಕ್ಯಾನಿಗೆ ತುಂಬಿ, ಮೇಲೆ ಹೆಸರು ಬರೆದಿಡಿ. ಚರಂಡಿಗೋ ತೋಟಕ್ಕೋ ಸುರಿಯಬೇಡಿ. ಹಳೇ ಆಯಿಲ್, ಕೂಲೆಂಟ್ ಒಟ್ಟುಮಾಡಿ ವಿಲೇವಾರಿಗೆ ಕಳಿಸುವ ಗ್ಯಾರೇಜ್ ಹತ್ತಿರದಲ್ಲಿದ್ದರೆ ಅಲ್ಲಿ ಕೊಡಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಸ್ಕ್ರೂಡ್ರೈವರ್, ಪ್ಲಯರ್, ಸ್ಪ್ಯಾನರ್ ಸೆಟ್, ಒಂದು ಟಬ್, ಗಿಡಕ್ಕೆ ನೀರು ಬಿಡುವ ಪೈಪು, ಟಾರ್ಚು, ಕೈಗವಸು, ಎರಡು ಮೂರು ಹೊಸ ಹೋಸ್ ಕ್ಲಿಪ್.

ಎರಡು ಪೈಪು ಮುಟ್ಟಿ ನೋಡುವ ಪರೀಕ್ಷೆ

ಇದೊಂದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ. ಬಾನೆಟ್ ಎತ್ತಿ ಎಂಜಿನ್ ಹಿಂದಿನ ತಗಡಿನ ಗೋಡೆ ನೋಡಿ. ಬೆರಳಿಗಿಂತ ಸ್ವಲ್ಪ ದಪ್ಪದ ಎರಡು ರಬ್ಬರ್ ಪೈಪುಗಳು ಅಕ್ಕಪಕ್ಕದಲ್ಲಿ ಆ ಗೋಡೆಯ ಒಳಗೆ ಹೋಗಿರುತ್ತವೆ. ಅವೇ ಹೀಟರ್ ಪೈಪುಗಳು.

ಎರಡೂ ಪೈಪುಗಳನ್ನು ಒಂದಕ್ಕೊಂದು ಜೋಡಿಸಿ, ಗೋಡೆಯ ಕಡೆಯ ಕೊಳವೆಗಳನ್ನು ಖಾಲಿ ಬಿಟ್ಟಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲಿಸಿ. ಹಿಂದಿನ ಮಾಲೀಕರ ಕಾಲದಲ್ಲಿ ಕೋರ್ ಸೋರಿದೆ, ಮೆಕ್ಯಾನಿಕ್ ಬೈಪಾಸ್ ಮಾಡಿ ಕೈ ತೊಳೆದುಕೊಂಡಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಇದು ಹೊಸತೇನಲ್ಲ. ನಾನು ನನ್ನ ಕಾರು ಕೊಂಡಾಗ ಹೀಗೇ ಇತ್ತು. ಎರಡು ಮಳೆಗಾಲ ಲಿವರ್ ಎಳೆದೂ ಎಳೆದೂ ಸಾಕಾದ ಮೇಲೆ ಬಾನೆಟ್ ಒಳಗೆ ಸರಿಯಾಗಿ ನೋಡಿದೆ.

ಪೈಪುಗಳು ಸರಿಯಾಗಿ ಜೋಡಣೆಯಾಗಿದ್ದರೆ ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ. ಹೀಟರ್ ಲಿವರ್ ಪೂರ್ತಿ ಬಿಸಿಯ ಕಡೆ ಇರಲಿ. ಆಮೇಲೆ ಎಂಜಿನ್ ಆಫ್ ಮಾಡಿ, ಎರಡೂ ಪೈಪುಗಳನ್ನು ಒಂದು ಕ್ಷಣ ಮುಟ್ಟಿ. ರೇಡಿಯೇಟರ್ ಫ್ಯಾನಿನಿಂದ ಕೈ ದೂರ ಇರಲಿ. ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಅದು ತಾನಾಗಿ ತಿರುಗಲು ಶುರುಮಾಡುತ್ತದೆ.

ಎರಡೂ ಪೈಪು ಕೈ ಇಡಲಾಗದಷ್ಟು ಬಿಸಿಯಿದ್ದರೆ ಕೂಲೆಂಟ್ ಸರಿಯಾಗಿ ಓಡಾಡುತ್ತಿದೆ. ತೊಂದರೆ ಗಾಳಿಯ ಕಡೆ ಇದೆ: ಬ್ಲೋವರ್, ಕೇಬಲ್, ಅಥವಾ ಗಾಳಿಯ ದಾರಿ ತಿರುಗಿಸುವ ಒಳಗಿನ ಫ್ಲಾಪ್.

ಒಂದು ಬಿಸಿ, ಇನ್ನೊಂದು ಉಗುರು ಬೆಚ್ಚಗೆ ಅಥವಾ ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ಹೀಟರ್ ವಾಲ್ವ್ ತೆರೆಯುತ್ತಿಲ್ಲ. ಎಲ್ಲ ಕಾರಿನಲ್ಲೂ ಈ ವಾಲ್ವ್ ಇರುವುದಿಲ್ಲ. ಇದ್ದರೆ ಒಂದು ಪೈಪಿನ ನಡುವೆಯೋ ಹೀಟರ್ ಡಬ್ಬಿಯ ಬಳಿಯೋ ಕೇಬಲ್ ಸಿಕ್ಕಿಸಿದ ಪುಟ್ಟ ನಲ್ಲಿಯಂತೆ ಕಾಣುತ್ತದೆ. ಯಾರಿಗಾದರೂ ಲಿವರ್ ಆಚೀಚೆ ಎಳೆಯಲು ಹೇಳಿ ನೀವು ವಾಲ್ವ್ ನೋಡುತ್ತಿರಿ. ಕೇಬಲ್ ಅಲುಗಾಡುತ್ತಿದೆ, ವಾಲ್ವ್ ಅಲ್ಲಾಡುತ್ತಿಲ್ಲ ಎಂದರೆ ಅದು ಹಿಡಿದುಕೊಂಡಿದೆ. ಪ್ಲಯರಿನಲ್ಲಿ ಒತ್ತಿ ತಿರುಗಿಸಲು ಹೋಗಬೇಡಿ, ಹಳೇ ಪ್ಲಾಸ್ಟಿಕ್ ಪಟ್ ಅಂತ ಮುರಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ.

ಎರಡೂ ತಣ್ಣಗಿದ್ದರೆ ಮೂರು ಅನುಮಾನ: ಕೂಲೆಂಟ್ ಕಡಿಮೆಯಾಗಿದೆ, ಒಳಗೆ ಗಾಳಿ ಸಿಕ್ಕಿಕೊಂಡಿದೆ, ಅಥವಾ ಎಂಜಿನ್ನೇ ಬಿಸಿಯಾಗುತ್ತಿಲ್ಲ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬರುತ್ತಿದ್ದರೆ ಅದು ಗಾಳಿ. ಟೆಂಪರೇಚರ್ ಮುಳ್ಳು ಅರ್ಧ ಗಂಟೆ ಓಡಿಸಿದರೂ ಕೆಳಗೇ ಮಲಗಿದ್ದರೆ ಥರ್ಮೋಸ್ಟಾಟ್ ನೋಡಬೇಕು.

ಥರ್ಮೋಸ್ಟಾಟ್ ಕಿತ್ತು ಹಾಕುವ ಚಾಳಿ

"ನಮ್ಮ ಊರಿಗೆ ಅದೆಲ್ಲ ಬೇಡ ಸಾರ್, ತೆಗೆದರೆ ಎಂಜಿನ್ ತಂಪಾಗಿರುತ್ತೆ." ಈ ಮಾತನ್ನು ನೀವೂ ಕೇಳಿರುತ್ತೀರಿ. ನನಗೆ ಇದರ ಮೇಲೆ ಸಿಟ್ಟಿದೆ.

ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ದಾರಿ ಮುಚ್ಚಿಡುವುದು ಥರ್ಮೋಸ್ಟಾಟಿನ ಕೆಲಸ. ಕೂಲೆಂಟ್ ಸುಮಾರು 82 ಅಥವಾ 88 ಡಿಗ್ರಿಗೆ ಬಂದಾಗ ಅದರೊಳಗಿನ ಮೇಣ ಕರಗಿ ಹಿಗ್ಗಿ ವಾಲ್ವ್ ತೆರೆಯುತ್ತದೆ. ಅದನ್ನು ತೆಗೆದರೆ ಮೊದಲ ನಿಮಿಷದಿಂದಲೇ ನೀರೆಲ್ಲ ರೇಡಿಯೇಟರ್ ಸುತ್ತಿ ಬರುತ್ತದೆ. ಮಡಿಕೇರಿಯ ಮಳೆಯಲ್ಲಿ ಎಂಜಿನ್ ಬಿಸಿಯಾಗುವುದೇ ಇಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಎಂಜಿನ್ ಬೇಗ ಸವೆಯುತ್ತದೆ. ಹೀಟರ್‌ನಿಂದ ಬರುವುದು ನದಿ ದಡದ ಗಾಳಿ. ಥರ್ಮೋಸ್ಟಾಟ್ ತೆಗೆದರೆ ಕಡಿಮೆಯಾಗುವಂಥ ಓವರ್‌ಹೀಟ್ ಇದ್ದರೆ, ಥರ್ಮೋಸ್ಟಾಟೇ ಮುಚ್ಚಿದಂತೆ ಹಿಡಿದುಕೊಂಡಿಲ್ಲದಿದ್ದರೆ, ಅದರ ಕಾರಣ ಬೇರೆಲ್ಲೋ ಇರುತ್ತದೆ: ಕಟ್ಟಿಕೊಂಡ ರೇಡಿಯೇಟರ್, ಕೆಟ್ಟ ಮುಚ್ಚಳ, ತಿರುಗದ ಫ್ಯಾನ್.

ಪರೀಕ್ಷೆ ಸುಲಭ. ರೇಡಿಯೇಟರಿನ ದಪ್ಪ ಪೈಪು ಎಂಜಿನ್‌ಗೆ ಸೇರುವ ಕಡೆ ಎರಡು ಮೂರು ಬೋಲ್ಟ್ ಹಾಕಿದ ಮುಚ್ಚಳ ಇರುತ್ತದೆ, ಅದರೊಳಗೆ ಥರ್ಮೋಸ್ಟಾಟ್. ಬಹಳಷ್ಟು ಕಾರುಗಳಲ್ಲಿ ಇದು ಮೇಲಿನ ಪೈಪಿನ ಕಡೆ. ಬಿಚ್ಚುವ ಮುಂಚೆ ಕೂಲೆಂಟ್ ಸ್ವಲ್ಪ ಇಳಿಸಿಕೊಳ್ಳಿ. ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ತಣ್ಣಗಿರುವಾಗಲೇ ಬಾಯಿ ತೆರೆದಿದ್ದರೆ ಅದು ಸತ್ತಿದೆ. ಮುಚ್ಚಿದ್ದರೆ ಅಡುಗೆಗೆ ಬಳಸದ ಹಳೇ ಪಾತ್ರೆಯಲ್ಲಿ ನೀರು ಕಾಯಿಸಿ, ತಳಕ್ಕೆ ತಾಗದ ಹಾಗೆ ತಂತಿಯಲ್ಲಿ ಇಳಿಬಿಡಿ. ಅಂಚಿನ ಮೇಲೆ ಕೆತ್ತಿದ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಬೇಕು, ನೀರು ಆರಿದಂತೆ ಮುಚ್ಚಬೇಕು. ಸಾವಿರ ಮೀಟರ್ ಎತ್ತರದ ಊರುಗಳಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಈ ಪರೀಕ್ಷೆಗೆ ಅಷ್ಟು ಬಿಸಿ ಸಾಕು. ಮತ್ತೆ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ಮೇಣ ಮತ್ತು ಸ್ಪ್ರಿಂಗ್ ಇರುವ ಕಡೆ ಎಂಜಿನ್ ಒಳಕ್ಕೆ ಮುಖ ಮಾಡಿರಬೇಕು.

ಕೋರ್ ತೊಳೆಯುವುದು

ಕೋರ್ ಯಾಕೆ ಕಟ್ಟಿಕೊಳ್ಳುತ್ತದೆ? ಕೂಲೆಂಟ್ ಬದಲು ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದರಿಂದ. ಕೋಲಾರದ ಕಡೆ ಗೀಸರ್ ಒಳಗೆ ಬಿಳಿ ಸುಣ್ಣ ಕಟ್ಟುವುದನ್ನು ನೋಡಿದ್ದೀರಲ್ಲ, ಇಲ್ಲೂ ಅದೇ. ಅದರ ಜೊತೆ ಎಂಜಿನ್ ಬ್ಲಾಕಿನ ತುಕ್ಕು ಸೇರುತ್ತದೆ. ಇನ್ನೊಂದು ಕಾರಣ ಅರಿಶಿನ. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕುವ ಉಪಾಯ ಹಳೇ ಡ್ರೈವರುಗಳಿಗೆಲ್ಲ ಗೊತ್ತು. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ಮುಟ್ಟಿಸುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ತೂತು ಯಾವುದು, ಕೋರಿನ ಸಣ್ಣ ನಾಳ ಯಾವುದು ಅಂತ ಅರಿಶಿನಕ್ಕೆ ಗೊತ್ತಾಗುವುದಿಲ್ಲ. ಬಾಟಲಿಯಲ್ಲಿ ಬರುವ ಲೀಕ್ ಸ್ಟಾಪ್ ದ್ರವದ ಕಥೆಯೂ ಅಷ್ಟೇ.

ತೊಳೆಯುವ ಕ್ರಮ ಹೀಗೆ:

1. ಎಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು, ಕೆಳಗಿನ ಡ್ರೇನ್ ತಿರುಗಿಸಿ ಕೂಲೆಂಟ್ ಇಳಿಸಿ. ಬಣ್ಣ ನೋಡಿ. ಕಾಫಿ ಡಿಕಾಕ್ಷನ್ ಥರ ಇದ್ದರೆ ಎಂಜಿನ್, ರೇಡಿಯೇಟರ್ ಕೂಡ ತೊಳೆಯಬೇಕು.

2. ಹೀಟರ್ ಪೈಪುಗಳ ಕ್ಲಿಪ್ ಸಡಿಲಿಸಿ ಎಂಜಿನ್ ಕಡೆಗೆ ಸರಿಸಿ. ಪೈಪು ಸಲೀಸಾಗಿ ಬರದಿದ್ದರೆ ತಿರುಚಿ ಎಳೆಯಬೇಡಿ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ರಬ್ಬರ್ ಪೈಪಿಗೆ ಕಡಿಮೆ ದುಡ್ಡು ಸಾಕು. ಕೋರಿನ ಕೊಳವೆ ಬೆಸುಗೆ ಬಿಟ್ಟರೆ ಡ್ಯಾಶ್‌ಬೋರ್ಡ್ ಇಳಿಸಬೇಕಾಗುತ್ತದೆ. ಹತ್ತು ವರ್ಷದ ಪೈಪಾದರೆ ಹೇಗೂ ಬದಲಿಸುವುದೇ ಸರಿ.

3. ಹೀಟರ್ ವಾಲ್ವ್ ಇದ್ದರೆ ಪೂರ್ತಿ ತೆರೆದಿಡಿ. ಗೋಡೆಯ ಎರಡೂ ಕೊಳವೆಗಳಿಗೆ ಒಂದೊಂದು ತುಂಡು ಪೈಪು ಸಿಕ್ಕಿಸಿ. ಒಂದರ ತುದಿ ಟಬ್ಬಿನಲ್ಲಿರಲಿ.

4. ನೀರನ್ನು ಉಲ್ಟಾ ದಿಕ್ಕಿನಲ್ಲಿ ಬಿಡಿ. ಅಂದರೆ ಕೂಲೆಂಟ್ ಸಾಮಾನ್ಯವಾಗಿ ಹೊರಗೆ ಬರುವ ಕೊಳವೆಯಿಂದ. ವಾಟರ್ ಪಂಪ್ ಕಡೆಗೆ ಹೋಗುವ ಪೈಪು ಇದ್ದದ್ದು ಅದೇ ಕೊಳವೆಗೆ. ಹೀಗೆ ಮಾಡಿದರೆ ಬಾಯಿಯಲ್ಲಿ ಸಿಕ್ಕಿದ ಕಸ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಮೊದಲು ಬರುವ ನೀರಿನಲ್ಲಿ ಕೂಲೆಂಟ್ ಇರುತ್ತದೆ, ಅದನ್ನೂ ಕ್ಯಾನಿಗೆ ಹಾಕಿ.

5. ನೀರು ತಿಳಿಯಾಗುವವರೆಗೆ ದಿಕ್ಕು ಬದಲಿಸುತ್ತಾ ನಾಲ್ಕೈದು ಸಲ ಬಿಡಿ.

ಒತ್ತಡದ ಬಗ್ಗೆ ಒಂದು ಮಾತು. ಹತ್ತು ಮೀಟರ್ ಎತ್ತರದ ಟ್ಯಾಂಕಿನ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಮನೆಯ ಮಹಡಿ ಮೇಲಿನ ಟ್ಯಾಂಕು ಅದರ ಅರ್ಧ ಕೊಟ್ಟರೆ ಹೆಚ್ಚು. ರೇಡಿಯೇಟರ್ ಮುಚ್ಚಳ ಹಲವು ಕಾರುಗಳಲ್ಲಿ 0.9 ಬಾರ್ ಒತ್ತಡ ಹಿಡಿದಿಡುತ್ತದೆ. ಅಂದರೆ ಮನೆಯ ನಲ್ಲಿ ನೀರು ಕೋರ್ ದಿನಾ ತಡೆದುಕೊಳ್ಳುವ ಒತ್ತಡಕ್ಕಿಂತ ಕಡಿಮೆಯೇ. ಆದರೆ ಸರ್ವಿಸ್ ಸ್ಟೇಷನ್ನಿನ ಗನ್ನು, ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಹಚ್ಚಿದರೆ ಹಳೇ ಕೋರ್ ಸೀಳಿಹೋಗುತ್ತದೆ. ಒಬ್ಬರು ನನ್ನೆದುರೇ ಹಾಗೆ ಮಾಡಿಕೊಂಡರು. ಮಾರಾಯ್ರೆ, ಅವರ ಕಾಲಡಿಯ ಕಾರ್ಪೆಟ್ ಒಣಗಲು ಒಂದು ವಾರ ಹಿಡಿಯಿತು.

ನೀರು ಸಣ್ಣ ಎಳೆಯಾಗಿ ಬರುತ್ತಿದ್ದರೆ ಸುಣ್ಣ ಕಟ್ಟಿದೆ. ಒಂದು ಲೀಟರ್ ಬಿಸಿ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ. ಎರಡು ತುಂಡು ಪೈಪುಗಳನ್ನೂ ಮೇಲಕ್ಕೆ ಎತ್ತಿ ಕಟ್ಟಿ, ಫನೆಲ್ ಇಟ್ಟು ಕೋರಿಗೆ ಮಾತ್ರ ತುಂಬಿ. ಅರ್ಧ ಗಂಟೆ ಬಿಡಿ, ಅದಕ್ಕಿಂತ ಜಾಸ್ತಿ ಬೇಡ. ಆಮೇಲೆ ನೀರು ಬಿಟ್ಟು ತೊಳೆದು, ಅಡುಗೆ ಸೋಡಾ ಬೆರೆಸಿದ ನೀರು ಒಂದು ಸಲ, ಬರೀ ನೀರು ಎರಡು ಸಲ. ಬಾತ್‌ರೂಮ್ ತೊಳೆಯುವ ಆಸಿಡ್ ಯಾರು ಹೇಳಿದರೂ ಹಾಕಬೇಡಿ. ಅದು ಸುಣ್ಣದ ಜೊತೆ ಅಲ್ಯೂಮಿನಿಯಂ, ಬೆಸುಗೆ ಎಲ್ಲವನ್ನೂ ತಿನ್ನುತ್ತದೆ.

ಕೊನೆಗೆ ಒಂದು ತುದಿಯಿಂದ ಬಾಯಲ್ಲಿ ಊದಿ ನೀರು ಹೊರಹಾಕುವವರಿದ್ದಾರೆ. ಬೇಡ, ಅದರಲ್ಲಿ ಕೂಲೆಂಟ್ ಉಳಿದಿರಬಹುದು. ಸೈಕಲ್ ಪಂಪ್ ಮೆಲ್ಲಗೆ ಒತ್ತಿದರೆ ಸಾಕು.

ತುಂಬುವುದು, ಗಾಳಿ ಬಿಡಿಸುವುದು

ಕೂಲೆಂಟ್ ಕೊಳ್ಳುವಾಗ ಡಬ್ಬಿ ಓದಿ. ಕೆಲವು ನೇರ ಸುರಿಯುವಂಥವು, ಕೆಲವಕ್ಕೆ ನೀರು ಬೆರೆಸಬೇಕು. ಎಷ್ಟು ಅನ್ನುವುದು ಡಬ್ಬಿಯ ಮೇಲೇ ಇರುತ್ತದೆ. ನೀರು ಅಂದರೆ ಡಿಸ್ಟಿಲ್ಡ್ ವಾಟರ್, ಬ್ಯಾಟರಿಗೆ ಹಾಕುವ ನೀರು. ಗಟ್ಟಿ ಗ್ಲೈಕಾಲ್ ಅರ್ಧ, ನೀರು ಅರ್ಧ ಬೆರೆಸಿದರೆ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಕೆನಡಾದಲ್ಲಿರುವ ಕನ್ನಡಿಗರಿಗೆ ಅದು ಬೇಕು. ಚಿಕ್ಕಮಗಳೂರಿನವರಿಗೆ ಬೇಕಾದದ್ದು ಅದರಲ್ಲಿರುವ ತುಕ್ಕು ತಡೆಯುವ ರಾಸಾಯನಿಕ. ಹಸಿರು, ಕೆಂಪು, ನೀಲಿ ಬಣ್ಣ ನಂಬಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮವಿಲ್ಲ. ಬೇರೆ ಬೇರೆ ಜಾತಿಯವು ಬೆರೆತರೆ ಲೋಳೆಯಾಗಿ ಕೋರಿಗೇ ಹೋಗಿ ಕೂರುತ್ತದೆ.

ಈಗ ಗಾಳಿ. ಕಾರಿನ ಮೂತಿ ಮೇಲಕ್ಕೆ ಬರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ತಣ್ಣನೆ ಎಂಜಿನ್‌ಗೆ ಮೆಲ್ಲಗೆ ಕೂಲೆಂಟ್ ಸುರಿಯಿರಿ. ಹೀಟರ್ ಲಿವರ್ ಪೂರ್ತಿ ಬಿಸಿಗೆ ಇಡಿ, ಇಲ್ಲದಿದ್ದರೆ ಕೋರಿನೊಳಗಿನ ಗಾಳಿ ಅಲ್ಲೇ ಉಳಿಯುತ್ತದೆ. ಮುಚ್ಚಳ ತೆರೆದಿಟ್ಟೇ ಎಂಜಿನ್ ಶುರುಮಾಡಿ ಐಡಲಿನಲ್ಲಿ ಬಿಡಿ. ಗುಳ್ಳೆ ಬರುತ್ತವೆ, ಮಟ್ಟ ಇಳಿಯುತ್ತದೆ, ತುಂಬುತ್ತಾ ಹೋಗಿ. ಬಟ್ಟೆ ಹಿಡಿದು ಮೇಲಿನ ದಪ್ಪ ಪೈಪನ್ನು ಆಗಾಗ ಹಿಸುಕಿ. ಮುಖ ದೂರವಿರಲಿ. ಆ ಪೈಪು ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ ಎಂದು ಅರ್ಥ. ಗುಳ್ಳೆ ನಿಂತ ಮೇಲೆ, ಉಕ್ಕಲು ಶುರುವಾಗುವ ಮುಂಚೆ ಮುಚ್ಚಳ ಹಾಕಿ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸದು ತನ್ನಿ. ರಿಸರ್ವ್ ಟ್ಯಾಂಕ್ ಎರಡು ಗೆರೆಗಳ ನಡುವೆ ಇರಲಿ. ಮರುದಿನ ಬೆಳಿಗ್ಗೆ ಮತ್ತೆ ನೋಡಿ, ಸ್ವಲ್ಪ ಇಳಿದೇ ಇರುತ್ತದೆ. ಕೆಲವು ಕಾರುಗಳಲ್ಲಿ ಗಾಳಿ ಬಿಡಲು ಬೇರೆ ಸ್ಕ್ರೂ ಇದೆ, ಮ್ಯಾನುಯಲ್‌ನಲ್ಲಿ ತೋರಿಸಿರುತ್ತಾರೆ.

ಗಾಳಿಯ ದಾರಿ

ವೈಪರ್ ಕೆಳಗಿನ ಜಾಲರಿಯಿಂದ ಹೊರಗಿನ ಗಾಳಿ ಒಳಬರುತ್ತದೆ. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಕೆಳಗೆ ನಿಲ್ಲಿಸುವ ಕಾರಾದರೆ ಅಲ್ಲಿ ಒಂದು ಬುಟ್ಟಿ ಎಲೆ ಸಿಗುತ್ತದೆ. ಎಲೆ ಕೊಳೆತು ನೀರು ಹೋಗುವ ತೂತು ಮುಚ್ಚಿದರೆ ಮಳೆ ನೀರು ಬ್ಲೋವರ್ ಒಳಗೇ ಇಳಿಯುತ್ತದೆ. ಜಾಲರಿ ತೆಗೆದು ಕೈಯಲ್ಲೇ ಬಾಚಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಧ್ಯದಲ್ಲಿ ಒಂದು ಸಲ.

ಹಳೇ ಕಾರುಗಳಲ್ಲಿ ಬಹುಪಾಲು ಕ್ಯಾಬಿನ್ ಫಿಲ್ಟರ್ ಇಲ್ಲ. ಕಸ ನೇರ ಬ್ಲೋವರಿಗೆ. ಅದು ಸಾಮಾನ್ಯವಾಗಿ ಎಡಗಡೆ ಸೀಟಿನ ಮುಂದೆ, ಗ್ಲೋವ್ ಬಾಕ್ಸ್ ಕೆಳಗೆ ಇರುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ವೈರ್ ಸಾಕೆಟ್ ತೆಗೆದು, ಮೂರು ಸ್ಕ್ರೂ ಬಿಚ್ಚಿದರೆ ಕೆಳಗೆ ಬರುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಇಲಿ ಗೂಡು ಸಿಕ್ಕರೆ ಆಶ್ಚರ್ಯವಿಲ್ಲ. ಫ್ಯಾನಿನ ರೆಕ್ಕೆಗಳನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಮೋಟಾರಿಗೆ ನೀರು ತಾಗಿಸಬೇಡಿ.

ಬ್ಲೋವರ್ ಫುಲ್ ಸ್ಪೀಡಿನಲ್ಲಿ ಮಾತ್ರ ತಿರುಗುತ್ತಿದ್ದರೆ ಅದರ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿದೆ. ಸಣ್ಣ ಭಾಗ, ಎರಡು ಸ್ಕ್ರೂ. ಯಾವ ಸ್ಪೀಡಿಗೂ ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ. ಮೋಟಾರ್ ಬಿಗಿಯಾಗಿದೆ, ಅಥವಾ ವೈರ್ ಎಲ್ಲೋ ತಾಗುತ್ತಿದೆ.

ಕೋರ್ ಸೋರುತ್ತಿದ್ದರೆ

ಹೀಟರ್ ಹಾಕಿದ ಕೂಡಲೇ ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು ಹಬೆ, ಸಿಹಿ ವಾಸನೆ, ಕಾಲಡಿ ಒದ್ದೆ. ಇದೇ ಗುರುತು. ಎಸಿ ಇರುವ ಕಾರಿನಲ್ಲಿ ಎಸಿ ನೀರೂ ಕಾರ್ಪೆಟಿಗೆ ಇಳಿಯಬಹುದು. ಬಿಳಿ ಟಿಶ್ಯೂ ಒತ್ತಿ ನೋಡಿ. ಬಣ್ಣ ಬಂದು ಅಂಟಂಟಾಗಿದ್ದರೆ ಕೂಲೆಂಟ್, ಬರೀ ನೀರಾದರೆ ಎಸಿಯದು ಅಥವಾ ಮಳೆಯದು. ಸೋರುವ ಕೋರನ್ನು ತೊಳೆದು ಉಪಯೋಗವಿಲ್ಲ. ಹಿತ್ತಾಳೆಯದಾದರೆ ಹಳೇ ರೇಡಿಯೇಟರ್ ಅಂಗಡಿಯವರು ಬೆಸುಗೆ ಹಾಕಿಕೊಡುತ್ತಾರೆ. ಅಲ್ಯೂಮಿನಿಯಂ ಆದರೆ ಹೊಸದೇ ಸರಿ. ಡ್ಯಾಶ್‌ಬೋರ್ಡ್ ಇಳಿಸುವ ಕೆಲಸ ಮೊದಲ ಸಲಕ್ಕೆ ಗ್ಯಾರೇಜಿಗೇ ಬಿಡಿ. ಬಿಚ್ಚುವುದು ಸುಲಭ, ವಾಪಸ್ ಕೂರಿಸಿದಾಗ ನಾಲ್ಕು ಸ್ಕ್ರೂ ಉಳಿದಿರುತ್ತವೆ.

ಮಳೆಯಲ್ಲಿ ಬಳಸುವ ಬಗೆ

ಹೊರಗಿನ ಗಾಳಿ ಒಳಬರುವಂತೆ ಇಡಿ. ರೀಸರ್ಕ್ಯುಲೇಷನ್‌ನಲ್ಲಿಟ್ಟರೆ ನಿಮ್ಮ ಉಸಿರಿನ ತೇವವೇ ಸುತ್ತಿ ಸುತ್ತಿ ಗಾಜಿಗೆ ಬರುತ್ತದೆ. ಗಾಳಿಯ ದಿಕ್ಕು ಗಾಜಿಗೆ, ಲಿವರ್ ಬಿಸಿಗೆ, ಒಂದು ಕಿಟಕಿ ಬೆರಳಷ್ಟು ಇಳಿಸಿ. ಎಸಿ ಇದ್ದರೆ ಅದನ್ನೂ ಜೊತೆಗೇ ಹಾಕಿ. ಎಸಿ ತೇವ ಹೀರುತ್ತದೆ, ಹೀಟರ್ ಬಿಸಿ ಮಾಡುತ್ತದೆ, ಗಾಜು ಬೇಗ ತಿಳಿಯಾಗುತ್ತದೆ. ಗಾಜಿನ ಒಳಮೈಯ ಜಿಡ್ಡನ್ನೂ ಮೊದಲೇ ಒರೆಸಿಡಿ, ಹಬೆ ಕೂರುವುದು ಕಡಿಮೆಯಾಗುತ್ತದೆ.

ಹೀಟರ್ ಗಾಳಿಯಲ್ಲಿ ಹೊಗೆಯ ವಾಸನೆ ಬಂದರೆ ತಕ್ಷಣ ಕಿಟಕಿ ಇಳಿಸಿ, ಸೈಲೆನ್ಸರ್ ಪೈಪು ಸೋರುತ್ತಿದೆಯೇ ನೋಡಿಸಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಜೊತೆಯ ಹೊಗೆಗೆ ಮಾತ್ರ ಇದೆ. ಎಂಜಿನ್ ಓಡಿಸಿಕೊಂಡು, ಕಿಟಕಿ ಮುಚ್ಚಿ, ಹೀಟರ್ ಹಾಕಿ ಕಾರಲ್ಲಿ ಮಲಗುವುದು ಬೇಡವೇ ಬೇಡ.

ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಲಿವರನ್ನು ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಎಳೆದು, ಐದು ನಿಮಿಷ ಹೀಟರ್ ಹಾಕಿ. ಕೇಬಲ್, ವಾಲ್ವ್ ಹಿಡಿದುಕೊಳ್ಳುವುದಿಲ್ಲ. ಏಪ್ರಿಲ್‌ನಲ್ಲಿ ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಿದರೂ ಇದೇ ಹೀಟರ್ ನೆರವಿಗೆ ಬರುತ್ತದೆ. ಎಸಿ ಆಫ್, ಕಿಟಕಿ ಪೂರ್ತಿ ಕೆಳಗೆ, ಹೀಟರ್ ಫುಲ್. ಎಂಜಿನ್ನಿನ ಬಿಸಿ ಸ್ವಲ್ಪ ನಿಮ್ಮ ಕಾಲಿನ ಕಡೆ ಬರುತ್ತದೆ, ಮುಳ್ಳು ಇಳಿಯುತ್ತದೆ. ಬೆವರು ಹರಿಯುತ್ತದೆ, ಪಕ್ಕದಲ್ಲಿ ಕೂತವರು ಬೈಯುತ್ತಾರೆ. ಕಾರು ನಿಲ್ಲಿಸಲು ಜಾಗ ಸಿಗುವವರೆಗೆ ಸಹಿಸಿಕೊಳ್ಳಿ ಎಂದು ಹೇಳಿ.